ಗೆಳೆಯನಿಗೊಂದು ಪತ್ರ: ‘ತಪ್ಪಿದರೆ’ ಎಂಬ ಕಾಲಮ್ಮು

ಪ್ರಿಯ ಗೆಳೆಯ,

ಇಟಲಿಗೆ ಹೋಗುವ ವಿಷಯವನ್ನು ಫೋನಿನಲ್ಲಿ ತಿಳಿಸಿದಾಗ ನೀನು ಕೇಳಿದ ಮೊದಲ ಪ್ರಶ್ನೆ, “ಕೊಡೆ ತಗೊಂಡು ಹೋಗ್ತೀಯೋ?” ಎಂಬುದು. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ; ಇದನ್ನು ಓದುತ್ತಿರುವ ಉಳಿದವರಿಗೆ ಕೊಡೆಯ ವೃತ್ತಾಂತ ತಿಳಿಯುವುದೂ ಬೇಡ. ನಿನ್ನ ಎರಡನೆಯ ಪ್ರಶ್ನೆ, ಅಂದರೆ ಅಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಹೇಗೆ ಹೋಗುತ್ತೀರಿ ಎಂಬುದಕ್ಕೆ ಮಾತ್ರ ವಿವರವಾಗಿ ಬರೆಯುತ್ತೇನೆ. ಕಳೆದೆರಡು ತಿಂಗಳಿನಿಂದ ನಾನು ಬೇರೆ ಯಾವುದನ್ನೂ ಯೋಚಿಸಿಲ್ಲ ಎಂಬುದಕ್ಕೆ ಇವಳೇ ಸಾಕ್ಷಿ.

ಅಕ್ಟೋಬರಿನ ಮೊದಲ ವಾರ ರೋಮಿನಲ್ಲಿ ಇಳಿಯುವುದು, ಸಿಸಿಲಿ ದ್ವೀಪದ ಕತಾನಿಯಾದಿಂದ ವಿಮಾನ ಹತ್ತಿ ಹಿಂದಿರುಗುವುದು, ನಡುವಿನ ದಾರಿಯನ್ನೆಲ್ಲ ರೈಲು, ಬಸ್ಸು ಮತ್ತು ದೋಣಿಗಳಲ್ಲಿ ಕ್ರಮಿಸುವುದು ಎಂದು ತೀರ್ಮಾನವಾಗಿದೆ. ವೀಸಾದ ಗೋಳನ್ನು ಇಲ್ಲಿ ತೋಡಿಕೊಳ್ಳುವುದಿಲ್ಲ. ಮೂವತ್ತು ಸಾವಿರ ಯೂರೋ ಮೊತ್ತದ ವಿಮೆಯಿಲ್ಲದೆ ಅರ್ಜಿಯನ್ನೇ ಮುಟ್ಟುವುದಿಲ್ಲ ಎಂದು ತಿಳಿದ ದಿನ, ಬದುಕಿನಲ್ಲಿ ಮೊದಲ ಬಾರಿಗೆ ನನಗೂ ಒಂದು ಬೆಲೆ ಬಂದಂತೆನಿಸಿತು ಎಂದಷ್ಟೇ ಹೇಳುತ್ತೇನೆ. ಅದರ ಬಳಿಕ ಎಕ್ಸೆಲ್ ಹಾಳೆಯೊಂದನ್ನು ತೆರೆದೆ. ಎಲ್ಲಿಂದ, ಎಲ್ಲಿಗೆ, ಹೊರಡುವ ಹೊತ್ತು, ತಲುಪುವ ಹೊತ್ತು, ಟಿಕೆಟ್ ಸಿಗುವ ಜಾಗ, ಕೊನೆಯಲ್ಲಿ ‘ತಪ್ಪಿದರೆ’ ಎಂಬ ಕಾಲಮ್ಮು. ಈಗ ಆ ಕೊನೆಯ ಕಾಲಮ್ಮು ಉಳಿದ ಐದನ್ನೂ ಸೇರಿಸಿದರೆ ಎಷ್ಟಗಲವೋ ಅಷ್ಟಗಲ ಬೆಳೆದು ನಿಂತಿದೆ.

ಮೊದಲ ಸಾಲು ಸುಲಭದ್ದು. ಫಿಯುಮಿಚಿನೋ ವಿಮಾನ ನಿಲ್ದಾಣದಿಂದ ರೋಮಿನ ದೊಡ್ಡ ಸ್ಟೇಷನ್ನಾದ ತೆರ್ಮಿನಿಗೆ ‘ಲಿಯೊನಾರ್ಡೊ ಎಕ್ಸ್‌ಪ್ರೆಸ್’ ಎಂಬ ರೈಲು ನಡುವೆ ಎಲ್ಲಿಯೂ ನಿಲ್ಲದೆ 32 ನಿಮಿಷಗಳಲ್ಲಿ ತಲುಪಿಸುತ್ತದೆ. ಅದೇ ನಿಲ್ದಾಣದಿಂದ ಹೊರಡುವ ಅಗ್ಗದ ಲೋಕಲ್ ರೈಲೂ ಒಂದಿದೆ, ಆದರೆ ಅದು ತೆರ್ಮಿನಿಯನ್ನು ಮುಟ್ಟದೆ ಊರನ್ನು ಬಳಸಿಕೊಂಡು ತ್ರಾಸ್ತೆವೆರೆ, ತಿಬುರ್ತೀನಾಗಳ ಕಡೆಗೆ ಹೋಗಿಬಿಡುತ್ತದೆ. ಹಣ ಉಳಿಸಲು ಹೋಗಿ ಮೊದಲ ದಿನವೇ ದಾರಿ ತಪ್ಪಿದವನೆಂಬ ಹೆಸರು ಬೇಡವೆಂದು ದುಬಾರಿ ರೈಲನ್ನೇ ಬರೆದುಕೊಂಡೆ.

ರೋಮಿನಿಂದ ನೇಪಲ್ಸಿಗೆ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯೂ ಹಿಡಿಯುವುದಿಲ್ಲ. ಇಲ್ಲಿಯೂ ಒಂದು ಸಿಕ್ಕಿದೆ. ಅದೇ ಹಳಿಗಳ ಮೇಲೆ ಎರಡು ಕಂಪನಿಗಳ ರೈಲುಗಳು ಓಡುತ್ತವೆ: ಒಂದು ಸರ್ಕಾರಿ ಸ್ವಾಮ್ಯದ ತ್ರೆನಿತಾಲಿಯಾದ ‘ಕೆಂಪು ಬಾಣ’, ಇನ್ನೊಂದು 2012ರಲ್ಲಿ ಶುರುವಾದ ಖಾಸಗಿ ಇತಾಲೋ. ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಮುಂಚಿತವಾಗಿ ಕೊಂಡರೆ ದರ ಅರ್ಧಕ್ಕಿಂತಲೂ ಇಳಿಯುತ್ತದೆ, ಆದರೆ ತೀರ ಅಗ್ಗದ ಟಿಕೆಟ್ಟನ್ನು ಸಾಮಾನ್ಯವಾಗಿ ಬದಲಿಸಲು ಬರುವುದಿಲ್ಲ. ರೈಲು ತಪ್ಪಿದರೆ ಹಣವೂ ಹೋಯಿತು. ಇದಕ್ಕೆ ಪೂರ್ತಿ ವಿರುದ್ಧವಾದುದು ಅವರ ಪ್ರಾದೇಶಿಕ ರೈಲು. ಅದಕ್ಕೆ ಸೀಟು ಕಾದಿರಿಸುವ ಪದ್ಧತಿಯಿಲ್ಲ, ದರ ಎಂದಿಗೂ ಒಂದೇ, ಒಂದು ತಪ್ಪಿದರೆ ಇನ್ನೊಂದನ್ನು ಹತ್ತಬಹುದು. ಕಾಗದದ ಟಿಕೆಟ್ಟನ್ನು ಮಾತ್ರ ಪ್ಲಾಟ್‌ಫಾರ್ಮಿನ ಬಳಿಯಿರುವ ಪುಟ್ಟ ಯಂತ್ರದ ಬಾಯಿಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಬೇಕು. ಹಣ ಕೊಟ್ಟು ಕೊಂಡ ಟಿಕೆಟ್ ಕೈಯಲ್ಲಿದ್ದೂ ಮುದ್ರೆ ಇಲ್ಲದಿದ್ದರೆ ದಂಡ ಬೀಳುತ್ತದೆ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂವತ್ತು ವರ್ಷ ಕಳೆದ ನನಗೆ ಈ ನಿಯಮ ಬಹಳ ಹಿಡಿಸಿತು.

ನೇಪಲ್ಸಿನಲ್ಲಿ ನಾನು ಒಂದು ಸಂಜೆಯನ್ನು ಪೂರ್ತಿಯಾಗಿ ಕಳೆದುಕೊಂಡೆ. ನೇಪಲ್ಸಿಗೆ ಹೋಗದೆಯೇ ಕಳೆದುಕೊಂಡೆ. ನಾವು ಬಂದಿಳಿಯುವುದು ‘ನಾಪೊಲಿ ಚೆಂತ್ರಾಲೆ’ಯಲ್ಲಿ, ಸೊರೆಂಟೊಗೆ ಹೋಗುವ ಚಿರ್ಕುಮ್‌ವೆಸುವಿಯಾನ ಎಂಬ ಪುಟ್ಟ ರೈಲನ್ನು ಹತ್ತಬೇಕಾದುದು ‘ಗಾರಿಬಾಲ್ಡಿ’ಯಲ್ಲಿ. ಎರಡು ಸ್ಟೇಷನ್ನುಗಳ ನಡುವೆ ಎಷ್ಟು ದೂರ, ಆಟೊ ಸಿಗುತ್ತದೆಯೇ, ಸಾಮಾನು ಹೊತ್ತು ನಡೆಯಬಹುದೇ ಎಂದು ಭೂಪಟವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದರೆ ಎರಡೂ ಒಂದೇ ಬಿಂದುವಿನಲ್ಲಿ ಬಂದು ಕೂರುತ್ತಿದ್ದವು. ಗಾರಿಬಾಲ್ಡಿ ಇರುವುದು ಅದೇ ದೊಡ್ಡ ಸ್ಟೇಷನ್ನಿನ ನೆಲಮಾಳಿಗೆಯಲ್ಲಿ ಎಂದು ತಿಳಿಯುವಷ್ಟರಲ್ಲಿ ಇವಳು ಊಟ ಮುಗಿಸಿ ಮಲಗಿದ್ದಳು. ಆ ರೈಲು ವೆಸುವಿಯಸ್ ಬೆಟ್ಟದ ಪಾದವನ್ನು ಸುತ್ತಿಕೊಂಡು, ಮೂವತ್ತಕ್ಕೆ ಕಡಿಮೆಯಿಲ್ಲದ ನಿಲ್ದಾಣಗಳಲ್ಲಿ ನಿಂತು, ಸುಮಾರು ಒಂದು ಗಂಟೆ ಹತ್ತು ನಿಮಿಷಗಳಲ್ಲಿ ಸೊರೆಂಟೊ ಸೇರುತ್ತದೆ. ದಾರಿಯಲ್ಲಿ, ಆ ಬೆಟ್ಟ ಉಗುಳಿದ ಬೂದಿಯಲ್ಲಿ ಹಿಂದೆ ಹೂತುಹೋದ ಪೊಂಪೇಯಿ ನಗರದ ಅವಶೇಷಗಳಿವೆ. ಆದರೆ ಪೊಂಪೇಯಿ ಎಂಬ ಹೆಸರು ಹೊತ್ತ ನಿಲ್ದಾಣಗಳು ಒಂದಕ್ಕಿಂತ ಹೆಚ್ಚು ಇರುವುದರಿಂದ, ಹೆಸರಿನ ಮುಂದೆ ‘ಸ್ಕಾವಿ’ (ಅಂದರೆ ಉತ್ಖನನ) ಎಂದಿರುವುದರಲ್ಲಿಯೇ ಇಳಿಯಬೇಕೆಂದು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.

ಸೊರೆಂಟೊದಿಂದ ಅಮಾಲ್ಫಿಗೆ ಬಸ್ಸು. ಸಮುದ್ರದ ಮೇಲೆ ಚಾಚಿದ ಬಂಡೆಯ ಅಂಚಿನಲ್ಲಿ ಕೆತ್ತಿದಂತಿರುವ ಆ ರಸ್ತೆಯನ್ನು ನೀನು ನೋಡಿದರೆ ನಮ್ಮ ಆಗುಂಬೆ ಘಾಟಿಯ ಡ್ರೈವರುಗಳೆಲ್ಲ ಅಲ್ಲಿಗೇ ವರ್ಗವಾಗಿದ್ದಾರೆಂದು ಹೇಳುತ್ತೀಯೆ. ಬಸ್ಸನ್ನು ಸೊರೆಂಟೊ ಸ್ಟೇಷನ್ನಿನ ಮುಂದೆ, ಅದು ಹೊರಡುವ ಜಾಗದಲ್ಲೇ ಹತ್ತಬೇಕು. ನಡುವಿನ ಊರುಗಳಲ್ಲಿ ಕಾದರೆ ತುಂಬಿದ ಬಸ್ಸು ನಿಲ್ಲದೆ ಹೋಗುವುದುಂಟು. ಸಮುದ್ರ ಕಾಣಬೇಕಾದರೆ ಬಲಗಡೆ ಕೂರಬೇಕು. ಟಿಕೆಟ್ಟನ್ನು ಮೊದಲೇ ಕೊಂಡಿಟ್ಟುಕೊಳ್ಳುವುದು ಅಲ್ಲಿನ ರೂಢಿ, ಅದನ್ನು ಮಾರುವುದು ‘ತಬಾಕ್ಕಿ’ ಎಂಬ ಬೀಡಾ ಅಂಗಡಿಯಂಥ ಹೊಗೆಸೊಪ್ಪಿನ ಅಂಗಡಿಯಲ್ಲಿ. ಬಾಗಿಲ ಮೇಲೆ ದೊಡ್ಡದಾಗಿ ‘ಟಿ’ ಎಂದು ಬರೆದಿರುತ್ತದೆ.

ಇನ್ನು ಸಮಯದ ಪಟ್ಟಿಗಳ ವಿಷಯ. ಬಸ್ಸಿನ ಪಟ್ಟಿಯಲ್ಲಿ ಕೆಲವು ಹೊತ್ತುಗಳ ಪಕ್ಕದಲ್ಲಿ ‘ಫೆರಿಯಾಲೆ’ ಎಂದು ಬರೆದಿತ್ತು. ಫೆರಿ ಎಂದರೆ ದೋಣಿ, ಆದ್ದರಿಂದ ಇವು ದೋಣಿಗೆ ಜೋಡಿಸಿ ಬಿಟ್ಟ ಬಸ್ಸುಗಳು ಎಂದು ಅರ್ಥಮಾಡಿಕೊಂಡು, ಇಟಲಿಯವರ ದೂರದೃಷ್ಟಿಯನ್ನು ಮೆಚ್ಚುತ್ತ, ಎರಡು ವಾರ ಅದರ ಮೇಲೆಯೇ ಯೋಜನೆ ಕಟ್ಟಿದೆ. ಫೆರಿಯಾಲೆ ಎಂದರೆ ಕೆಲಸದ ದಿನ, ಅದರಲ್ಲಿ ಶನಿವಾರವೂ ಸೇರುತ್ತದೆ. ಭಾನುವಾರ ಮತ್ತು ಹಬ್ಬದ ದಿನಗಳಿಗೆ ‘ಫೆಸ್ತಿವೋ’ ಎನ್ನುತ್ತಾರೆ. ನಾವು ಅಮಾಲ್ಫಿಗೆ ಹೋಗುವುದು ಭಾನುವಾರ. ಹಾಳೆಯಲ್ಲಿ ಹನ್ನೊಂದು ಸಾಲುಗಳನ್ನು ಅಳಿಸಿ ಬರೆದೆ. ಇದರ ಜೊತೆಗೆ ‘ಶೋಪೆರೋ’ ಎಂಬ ಪದವನ್ನೂ ಕಲಿತೆ, ಮುಷ್ಕರ ಎಂದು ಅರ್ಥ. ಅಲ್ಲಿಯ ಮುಷ್ಕರವೂ ಮೊದಲೇ ದಿನಾಂಕ ಸಾರಿ ಬರುತ್ತದೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲುಗಳಲ್ಲಿ ಇಂತಿಷ್ಟು ಓಡಲೇಬೇಕೆಂಬ ಕಟ್ಟಳೆಯಿದೆ. ‘ತಪ್ಪಿದರೆ’ ಕಾಲಮ್ಮಿಗೆ ಅದೂ ಸೇರಿತು.

ಅಮಾಲ್ಫಿಯಿಂದ ಸಲೆರ್ನೊಗೆ ದೋಣಿಯಲ್ಲಿ 35 ನಿಮಿಷ. ಬೇಸಿಗೆಯ ತಿಂಗಳುಗಳಲ್ಲಿ ಓಡುವ ಈ ದೋಣಿಗಳು ಅಕ್ಟೋಬರಿನಲ್ಲಿ ಇದ್ದೇ ಇರುತ್ತವೆ, ಆದರೆ ಸಮುದ್ರ ಕೆರಳಿದರೆ ಆ ದಿನ ಹೊರಡುವುದಿಲ್ಲ. ಆಗ ಮತ್ತೆ ಬಸ್ಸೇ ಗತಿ. ಸಲೆರ್ನೊದಲ್ಲಿ ದೋಣಿಕಟ್ಟೆಯಿಂದ ರೈಲು ಸ್ಟೇಷನ್ನು ನಡೆದು ಹೋಗುವಷ್ಟು ಹತ್ತಿರ. ಆದರೂ ನಾನು ದೋಣಿಗೂ ರೈಲಿಗೂ ನಡುವೆ ನಾಲ್ಕು ಗಂಟೆಗಳ ಅಂತರವಿಟ್ಟೆ. ಹಾಳೆಯನ್ನು ನೋಡಿದ ಇವಳು, “ಸ್ಟೇಷನ್ನಲ್ಲಿ ನಾಲ್ಕು ಗಂಟೆ ಕೂರೋದಕ್ಕೆ ಇಟಲಿಗೇ ಯಾಕೆ ಹೋಗ್ಬೇಕು, ಬೀರೂರು ಜಂಕ್ಷನ್ ಸಾಕಲ್ವಾ?” ಎಂದಳು.

ನಿನಗೆ ಹೇಳಲೇಬೇಕೆಂದು ಕಾದಿಟ್ಟ ಸಂಗತಿ ಇದರ ನಂತರದ್ದು. ಸಲೆರ್ನೊದಿಂದ ನಾವು ಹತ್ತುವ ಇಂಟರ್‌ಸಿಟಿ ರೈಲು ದೇಶದ ತುದಿಯಲ್ಲಿರುವ ವಿಲ್ಲಾ ಸಾನ್ ಜೊವಾನ್ನಿಯವರೆಗೆ ಹೋಗಿ, ಅಲ್ಲಿ ತುಂಡುತುಂಡಾಗಿ ಬಿಚ್ಚಿಕೊಂಡು, ಬೋಗಿಗಳ ಸಮೇತ ಹಡಗಿನ ಹೊಟ್ಟೆಯೊಳಗೆ ಹೊಗುತ್ತದೆ. ಹಡಗಿನಲ್ಲಿಯೂ ಹಳಿಗಳಿವೆ. ಪ್ರಯಾಣಿಕರು ಬೋಗಿಯಲ್ಲಿಯೇ ಕೂತಿರಬಹುದು ಅಥವಾ ಮೇಲೆ ಹತ್ತಿ ಗಾಳಿಗೆ ನಿಲ್ಲಬಹುದು. ಅತಿ ಕಿರಿದಾದ ಕಡೆ ಮೂರು ಕಿಲೋಮೀಟರಿಗಿಂತ ಸ್ವಲ್ಪವೇ ಹೆಚ್ಚು ಅಗಲವಿರುವ ಮೆಸ್ಸೀನಾ ಜಲಸಂಧಿಯನ್ನು ಹೀಗೆ ದಾಟಿದ ರೈಲು, ಆಚೆ ದಡದಲ್ಲಿ ಮತ್ತೆ ಜೋಡಿಸಿಕೊಂಡು ಸಿಸಿಲಿಯೊಳಗೆ ಓಡುತ್ತದೆ. ಅಂಬಾರಗೋಡ್ಲಿನ ದಡದಲ್ಲಿ ನಮ್ಮ ಬಸ್ಸು ಹಿಮ್ಮುಖವಾಗಿ ಲಾಂಚಿಗೆ ಏರುತ್ತಿದ್ದುದನ್ನು ಕಂಡು ಬೆಳೆದ ನಿನಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ನಿಮ್ಮಲ್ಲಿ ಈಗ ಸೇತುವೆಯಾಗಿದೆ. 2025ರ ಜುಲೈನಲ್ಲಿ ಅದು ತೆರೆದ ಮೇಲೆ ಶರಾವತಿಯ ಹಿನ್ನೀರು ದಾಟಲು ಯಾರೂ ಗಡಿಯಾರ ನೋಡಬೇಕಿಲ್ಲ. ಮೆಸ್ಸೀನಾದಲ್ಲಿಯೂ ಸೇತುವೆಯ ಮಾತು ದಶಕಗಳಿಂದ ನಡೆಯುತ್ತಿದೆ, ಆದರೆ ರೈಲು ಇನ್ನೂ ಹಡಗನ್ನೇ ಹತ್ತುತ್ತಿದೆ. ನಾನು ರಾತ್ರಿಯ ರೈಲನ್ನು ಬಿಟ್ಟು ಹಗಲಿನದನ್ನು ಆರಿಸಿಕೊಂಡಿರುವುದು ಅದನ್ನು ಕಣ್ಣಾರೆ ನೋಡಲಿಕ್ಕಾಗಿಯೇ.

ಕಳೆದ ವಾರ ಆ ಹಡಗಿನ ಸಾಲನ್ನು ತುಂಬುತ್ತಿದ್ದಾಗ ‘ತಪ್ಪಿದರೆ’ ಕಾಲಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿದೆ. ಮುಂದಿನ ರೈಲು, ಮುಂದಿನ ಬಸ್ಸು, ಹತ್ತಿರದ ಹೋಟೆಲು, ಟ್ಯಾಕ್ಸಿಯ ದರ, ಎಲ್ಲವೂ ಇತ್ತು. ಯಾವ ಸಾಲಿನಲ್ಲಿಯೂ ‘ಯಾರನ್ನಾದರೂ ಕೇಳುವುದು’ ಎಂದು ಇರಲಿಲ್ಲ. ಎರಡು ತಿಂಗಳು ನಿದ್ದೆಗೆಟ್ಟು ನಾನು ಕಟ್ಟುತ್ತಿದ್ದುದು ಇಟಲಿಯನ್ನು ನೋಡುವ ಯೋಜನೆಯಲ್ಲ, ಒಬ್ಬನೇ ಒಬ್ಬ ಅಪರಿಚಿತನ ಎದುರಿಗೆ ಬಾಯಿ ತೆರೆಯದೆ ಇಟಲಿಯನ್ನು ದಾಟಿಬಿಡುವ ಯೋಜನೆ ಎಂದು ಆಗ ಹೊಳೆಯಿತು. ನಿನ್ನ ಜೊತೆ ತಿರುಗಿದ ದಿನಗಳಲ್ಲಿ ಇದು ಗೊತ್ತಾಗಿರಲಿಲ್ಲ, ಏಕೆಂದರೆ ಕೇಳುವ ಕೆಲಸವೆಲ್ಲ ನಿನ್ನದಾಗಿತ್ತು. ಹಂಪಿಯಲ್ಲಿ ನೀನು ಕಲ್ಲಿನ ನಂದಿಯೊಂದನ್ನು ಬಿಟ್ಟು ಉಳಿದೆಲ್ಲರ ಬಳಿ ದಾರಿ ಕೇಳಿದ್ದೆ.

ನಿನ್ನ ಮದುವೆಯ ಹಿಂದಿನ ಸಂಜೆ ನನಗೆ ಕೊನೆಯ ಲಾಂಚು ತಪ್ಪಿದ್ದನ್ನು ನೀನು ಇಪ್ಪತ್ತೊಂದು ವರ್ಷಗಳಿಂದ ಹೋದಲ್ಲಿ ಬಂದಲ್ಲಿ ಹೇಳಿ ನಗಿಸುತ್ತಿದ್ದೀಯೆ, ನಾನೂ ನಕ್ಕಿದ್ದೇನೆ. ಲಾಂಚು ತಪ್ಪಿರಲಿಲ್ಲ ಮಾರಾಯಾ. ನಾನು ಬಸ್ಸಿನಿಂದಿಳಿದು ದಡಕ್ಕೆ ಬಂದಾಗ ಅದು ಆಗಷ್ಟೇ ಹಲಗೆ ಎತ್ತಿ ಹತ್ತು ಮಾರು ದೂರ ಹೋಗಿತ್ತು. ಒಂದು ಕೂಗು ಹಾಕಿದ್ದರೆ ತಿರುಗಿಸುತ್ತಿದ್ದರು, ಮದುವೆ ಮನೆಗೆ ಹೊರಟವನೆಂದರೆ ಖಂಡಿತ ತಿರುಗಿಸುತ್ತಿದ್ದರು. ಕೈಯಲ್ಲಿ ಚೀಲ ಹಿಡಿದು ನಿಂತಿದ್ದೆ, ಕೂಗಲಿಲ್ಲ. ಸಂಕೋಚವೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಅದರ ಹಿಂದಿನ ವಾರ ನೀನು ಬರೆದ ಇನ್‌ಲ್ಯಾಂಡ್ ಪತ್ರದಲ್ಲಿ, “ರಾತ್ರಿಯೇ ಬಂದುಬಿಡು, ಮುಹೂರ್ತಕ್ಕೆ ಮೊದಲು ನಿನ್ನ ಹತ್ತಿರ ಒಂದು ಮಾತಾಡುವುದಿದೆ” ಎಂದಿತ್ತು. ಆ ಮಾತು ಏನಿರಬಹುದೆಂದು ಸಾಗರದವರೆಗೂ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ಕೇಳಿದ ಮೇಲೆ ನಾನು ಏನಾದರೂ ಹೇಳಬೇಕಾಗುತ್ತಿತ್ತು, ಏನಾದರೂ ಮಾಡಬೇಕಾಗುತ್ತಿತ್ತು. ಲಾಂಚು ದೂರವಾಗುತ್ತಿದ್ದುದನ್ನು ನೋಡುತ್ತ ನನಗೆ ಆದದ್ದು ಬೇಸರವಲ್ಲ. ಬೆಳಿಗ್ಗೆ ಮೊದಲ ಲಾಂಚಿಗೆ ಬಂದಾಗ ನಿನಗೆ ಆಗಲೇ ಬಾಸಿಂಗ ಕಟ್ಟಿದ್ದರು, ನೀನು ನನ್ನನ್ನು ನೋಡಿ ನಕ್ಕೆ. ಆ ಮಾತು ಏನಾಗಿತ್ತೆಂದು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಇಷ್ಟು ಜನ ಓದುವ ಕಡೆ ಇದನ್ನು ಬರೆಯುವ ಉದ್ದೇಶ ನನಗಿರಲಿಲ್ಲ; ಬೆಳಿಗ್ಗೆ ಎದ್ದು ಅಳಿಸಿದರೂ ಅಳಿಸಿಯೇನು. ನೀನೂ ಇಲ್ಲಿ ಉತ್ತರ ಕೊಡಲು ಹೋಗಬೇಡ. ಬಹುಶಃ ನೀನು ನನ್ನ ರೇಜರನ್ನು ಕೇಳಬೇಕೆಂದಿದ್ದೆ, ಅಥವಾ ಹಲಸಿನ ಚೀಲದ ಬಾಕಿ ಇನ್ನೂರು ರೂಪಾಯಿಯನ್ನು. ಎರಡನೆಯದಾಗಿದ್ದರೆ ನಾನು ಕೂಗದಿದ್ದುದೇ ಒಳ್ಳೆಯದಾಯಿತು.

ಸಲೆರ್ನೊದ ನಾಲ್ಕು ಗಂಟೆಗಳನ್ನು ಒಂದೂವರೆ ಗಂಟೆಗೆ ಇಳಿಸಿದ್ದೇನೆ. ಉಳಿದ ಹೊತ್ತಿನಲ್ಲಿ ಅಮಾಲ್ಫಿಯಲ್ಲಿ ನಿಧಾನವಾಗಿ ತಿಂಡಿ ತಿನ್ನಬಹುದೆಂದು ಇವಳಿಗೆ ಸಂತೋಷವಾಗಿದೆ. ‘ತಪ್ಪಿದರೆ’ ಕಾಲಮ್ಮಿನಲ್ಲಿ, ಆ ದೋಣಿಯ ಎದುರಿಗೆ, ಒಂದೇ ಒಂದು ಪದ ಬರೆದಿದ್ದೇನೆ: ‘ಅಸ್ಪೆತ್ತಿ’. ಇಟಲಿಯ ಭಾಷೆಯಲ್ಲಿ ‘ಸ್ವಲ್ಪ ನಿಲ್ಲಿ’ ಎಂದು ಅರ್ಥ. ತಕಾರದ ಮೇಲೆ ಒತ್ತು ಕೊಟ್ಟು, ಹೊಟ್ಟೆಯಿಂದ ಕೂಗಬೇಕಂತೆ. ನಿನ್ನೆ ಬೆಳಿಗ್ಗೆ ಆರು ಗಂಟೆಗೆ ತಾರಸಿಯ ಮೇಲೆ ನಿಂತು ಅಭ್ಯಾಸ ಮಾಡಿದೆ. ಕೆಳಗೆ ಹೋಗುತ್ತಿದ್ದ ಹಾಲಿನವನು ಗಕ್ಕನೆ ಸ್ಕೂಟರ್ ನಿಲ್ಲಿಸಿ ತಲೆಯೆತ್ತಿ ಕೇಳಿದ: “ಏನ್ ಸಾರ್, ಇವತ್ತು ಅರ್ಧ ಲೀಟರ್ ಜಾಸ್ತಿ ಬೇಕಾ?”

ಬೇಡವೆಂದು ಹೇಳಲು ಬಾಯಿ ಬರದೆ ತೆಗೆದುಕೊಂಡೆ.

ಇಂತಿ,
ನಿನ್ನ ಕೊಡೆಯವನು