ಹಳೆಯ ಕಾರಿನ ಸ್ಟೆಪ್ನಿ ಮತ್ತು ಗುಜರಿಯ ತಕ್ಕಡಿ

ಮಾನ್ಯ ಸಂಪಾದಕರೇ,

ನನ್ನ ಸೋದರಮಾವ ಇಂಗ್ಲೆಂಡಿನಿಂದ ತಂದು, ಕೊನೆಗಾಲದಲ್ಲಿ ನನ್ನ ವಶಕ್ಕೆ ಒಪ್ಪಿಸಿದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರು ಕಲಬುರಗಿಯ ನಮ್ಮ ಮನೆಯಲ್ಲಿದೆ. ಕಳೆದ ಬೇಸಿಗೆಯಲ್ಲಿ ಹುಮನಾಬಾದಿನಿಂದ ಮರಳುವಾಗ ಚಕ್ರ ಪಂಕ್ಚರ್ ಆಯಿತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಹೊರತೆಗೆದು ನೋಡಿದರೆ ಅದರ ರಿಮ್ಮಿನ ಅಂಚು ತುಕ್ಕು ತಿಂದು ಸೀಳಿತ್ತು.

ಬದಲಿ ಚಕ್ರ ಕೇಳಿಕೊಂಡು ನಗರದ ಒಂದು ಟಯರ್ ಅಂಗಡಿಗೆ ಹೋದಾಗ, "ನಾಕು ನಟ್ಟಿನ ರಿಮ್ಮೇ ಅದರಿ ಸರ್, ಕೂಡಸಿ ಕೊಡ್ತೀವಿ" ಎಂದು ಹೇಳಿ, ಈಚಿನ ಸಣ್ಣ ಕಾರೊಂದರ ಹದಿಮೂರು ಇಂಚಿನ ರಿಮ್ಮನ್ನು ತಂದು, ಅದರ ರಂಧ್ರಗಳನ್ನು ಅರದಿಂದ ಉಜ್ಜಿ ಕೂರಿಸಲು ಹೊರಟರು. ನಾನು ತಡೆದೆ. ನಟ್ಟು ಹಾಕಿ ಚಕ್ರವನ್ನು ಬಿಗಿಯುವ ಬೋಲ್ಟಿಗೆ ಸ್ಟಡ್ ಎನ್ನುತ್ತಾರೆ. ಎದುರುಬದುರಿನ ಎರಡು ಸ್ಟಡ್‌ಗಳ ನಡುವಿನ ಅಂತರ ಸ್ಪಿಟ್‌ಫೈರ್‌ನಲ್ಲಿ ಮೂರು ಮುಕ್ಕಾಲು ಇಂಚು, ಅಂದರೆ 95.25 ಮಿಲಿಮೀಟರ್, ಆ ರಿಮ್ಮಿನಲ್ಲಿ ಅದು 100 ಮಿಲಿಮೀಟರ್. ಐದು ಮಿಲಿಮೀಟರಿಗೂ ಕಡಿಮೆಯಾದ ಈ ವ್ಯತ್ಯಾಸ ಕಣ್ಣಿಗೆ ಕಾಣದು, ಆದ್ದರಿಂದಲೇ ಅಪಾಯಕಾರಿ. ಚಕ್ರವನ್ನು ಹಿಡಿದಿಡುವುದು ನಟ್ಟಿನ ಶಂಕುವಿನಾಕಾರದ ತುದಿಯು ರಂಧ್ರದ ಅಂಚಿನಲ್ಲಿ ಸುತ್ತಲೂ ಕಚ್ಚಿ ಕೂರುವ ಬಿಗಿ. ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದರೆ ನಟ್ಟು ಒಂದೇ ಮಗ್ಗುಲಿಗೆ ಒರಗುತ್ತದೆ, ಓಡುತ್ತ ಓಡುತ್ತ ಸಡಿಲವಾಗುತ್ತದೆ, ಸ್ಟಡ್ ಬಾಗಿ ಮುರಿಯುವುದೂ ಉಂಟು. ಅಲ್ಲದೆ ಈ ಕಾರಿನ ಸ್ಟಡ್‌ಗಳು ಇಂಚಿನ ಎಂಟರಲ್ಲಿ ಮೂರು ಭಾಗದಷ್ಟು (3/8 ಇಂಚು) ದಪ್ಪದವು, ಈಗಿನ ಬಹುತೇಕ ಕಾರುಗಳವು 12 ಮಿಲಿಮೀಟರಿನವು. ನಾಲ್ಕು ನಟ್ಟಿನ ಚಕ್ರದಲ್ಲಿ ಈ ಅಳತೆ ತೆಗೆಯುವುದು ಕಷ್ಟವಲ್ಲ: ಒಂದು ರಂಧ್ರದ ಒಳ ಅಂಚಿನಿಂದ ಎದುರಿನ ರಂಧ್ರದ ಹೊರ ಅಂಚಿನವರೆಗೆ ಸ್ಕೇಲು ಹಿಡಿದರೆ ಸಾಕು. ಆ ಅಂಗಡಿಯಲ್ಲಿ ಸ್ಕೇಲೇ ಇರಲಿಲ್ಲ ಎಂಬುದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ.

ಹಾಗಾದರೆ ಸರಿಯಾದ ಚಕ್ರ ಎಲ್ಲಿದೆ? ಅದಕ್ಕಾಗಿ ಇಂಗ್ಲೆಂಡಿಗೆ ಬರೆಯಬೇಕಾಗಿಲ್ಲ. 1962ರಲ್ಲಿ ಸ್ಪಿಟ್‌ಫೈರ್ ಕಾರನ್ನು ಕಟ್ಟಿದ್ದು ಟ್ರಯಂಫ್ ಹೆರಾಲ್ಡ್‌ನ ಚಾಸಿಯನ್ನು, ಅಂದರೆ ಅಡಿಯ ಚೌಕಟ್ಟನ್ನು, ಮೊಟಕುಗೊಳಿಸಿ; ಅದೇ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು. ಸ್ಟಡ್‌ಗಳ ಅಂತರವೂ ಹದಿಮೂರು ಇಂಚಿನ ವ್ಯಾಸವೂ ಎರಡಕ್ಕೂ ಒಂದೇ ಆಗಿರುವುದರಿಂದ, ನಮ್ಮ ಹಿರಿಯರು ಓಡಿಸಿದ ಹೆರಾಲ್ಡಿನ ಉಕ್ಕಿನ ಚಕ್ರ ನನ್ನ ಕಾರಿಗೆ ಸ್ಟೆಪ್ನಿಯಾಗಿ ಸಲ್ಲುತ್ತದೆ. ಟಯರಿಗೂ ತೊಂದರೆಯಿಲ್ಲ, ವ್ಯಾಗನ್ ಆರ್‌ಗೆಂದು ಬಂದ 145/80 ಆರ್ 13 ಅಳತೆಯ ಟಯರ್ ಹೊಂದುತ್ತದೆ. ಇಂಥ ಹಳೆಯ ರಿಮ್ಮಿಗೆ ಒಳಗೆ ಟ್ಯೂಬ್ ಹಾಕಿಸಬೇಕು, ಅಷ್ಟೆ. ಟಯರ್ ಕೊಳ್ಳುವಾಗ ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಬೇಕು: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ನಮ್ಮ ಭಾಗದ ಬಿಸಿಲಿಗೆ ಡಿಕ್ಕಿಯಲ್ಲಿ ಮಲಗಿದ ರಬ್ಬರ್ ಒಂದು ಮೈಲಿ ಓಡದೆಯೇ ಬಿರುಕು ಬಿಡುತ್ತದೆ.

ಆದರೆ ಹೆರಾಲ್ಡ್ ಕಾರುಗಳೆಲ್ಲ ಹೋಗುತ್ತಿರುವುದು ಗುಜರಿಗೆ. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ಅವಕಾಶ ಕೊಟ್ಟಿತು. ಅದೇ ವರ್ಷ ನೋಂದಾಯಿತ ಗುಜರಿ ಕೇಂದ್ರಗಳ ನಿಯಮಗಳೂ ಬಂದವು. ಒಂದು ಕಡೆ ಕಾಪಾಡಿ ಎನ್ನುವ ಸರ್ಕಾರ, ಕಾಪಾಡುವವನಿಗೆ ಬೇಕಾದ ಚಕ್ರ ಇನ್ನೊಂದು ಕಡೆ ಕಿಲೋ ಲೆಕ್ಕದಲ್ಲಿ ಕುಲುಮೆ ಸೇರುವುದನ್ನೂ ಗಮನಿಸಬೇಕು. ಹೊಸ ಕಾರುಗಳಿಗಾದರೋ, ಟ್ಯೂಬ್‌ಲೆಸ್ ಟಯರ್, ಗಾಳಿಯ ಒತ್ತಡ ತಿಳಿಸುವ ಸಾಧನ ಮತ್ತು ದುರಸ್ತಿ ಕಿಟ್ ಇದ್ದಲ್ಲಿ ಸ್ಟೆಪ್ನಿಯೇ ಬೇಡವೆಂದು 2020ರ ತಿದ್ದುಪಡಿ ವಿನಾಯಿತಿ ಕೊಟ್ಟಿದೆ. ಟ್ಯೂಬ್ ಇರುವ ಹಳೆಯ ಚಕ್ರಕ್ಕೆ ಆ ಕಿಟ್ ಕೆಲಸಕ್ಕೆ ಬಾರದು. (ಸ್ಟೆಪ್ನಿ ಎಂಬ ಮಾತೂ ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು, ಅಲ್ಲಿ ಮರೆತರೂ ನಾವು ಉಳಿಸಿಕೊಂಡಿದ್ದೇವೆ.)

ಆದ್ದರಿಂದ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಗುಜರಿ ವ್ಯಾಪಾರಿಗಳಲ್ಲಿ ನನ್ನ ವಿನಂತಿ: ಹಳೆಯ ಕಾರನ್ನು ಕತ್ತರಿಸುವ ಮುನ್ನ ಸೀಳಿಲ್ಲದ ಚಕ್ರಗಳನ್ನು ಬಿಚ್ಚಿ, ಕಾರಿನ ಹೆಸರು ಮತ್ತು ರಂಧ್ರಗಳ ಅಂತರವನ್ನು ಬಣ್ಣದಲ್ಲಿ ಬರೆದು ಬೇರೆಯಾಗಿ ಇಡಿ, ತೂಕದ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವವರಿದ್ದೇವೆ. ರಂಧ್ರ ಉಜ್ಜಿದ ರಿಮ್ಮುಗಳನ್ನು ಸಾರಿಗೆ ಇಲಾಖೆಯವರು ವಾಹನದ ಅರ್ಹತೆ ಪರೀಕ್ಷಿಸುವಾಗ ಡಿಕ್ಕಿಯನ್ನೂ ತೆರೆಸಿ ನೋಡಿ ತಿರಸ್ಕರಿಸಬೇಕು.

– ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಕಲಬುರಗಿ