ಸತ್ಯ ಹೇಳಿದ ಮಗು ಕಳೆದುಕೊಂಡ ನಾಲ್ಕು ಅಂಕ

ಮಾನ್ಯ ಸಂಪಾದಕರಿಗೆ,

ಮೋಸ, ಲಂಚ, ಕ್ರೌರ್ಯದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಸಲಹೆಯೂ ಬರುತ್ತದೆ: ಶಾಲೆಗಳಲ್ಲಿ ಮೌಲ್ಯ ಶಿಕ್ಷಣ ಕಡ್ಡಾಯವಾಗಬೇಕು, ವಾರಕ್ಕೆ ಒಂದಾದರೂ ನೀತಿಪಾಠದ ಅವಧಿ ಇರಬೇಕು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಗಣಿತ ಪಾಠ ಮಾಡಿ ನಿವೃತ್ತಳಾದ ನನಗೆ ಈ ಸಲಹೆಯ ಹಿಂದಿರುವ ಕಳಕಳಿ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ನೀತಿಯನ್ನು ಬೋಧಿಸುವುದಕ್ಕೆ ಮೊದಲು, ಸತ್ಯ ಹೇಳಿದ ಮಗುವಿಗೆ ನಮ್ಮ ಶಾಲೆಗಳಲ್ಲಿ ಏನಾಗುತ್ತದೆ ಎಂಬುದನ್ನು ನಾವು ನೋಡಬೇಕಾಗಿದೆ ಎಂದು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಒಮ್ಮೆ ನಾನು ತಿದ್ದಿ ಹಿಂತಿರುಗಿಸಿದ ಉತ್ತರಪತ್ರಿಕೆಯನ್ನು ಹಿಡಿದುಕೊಂಡು ಹುಡುಗನೊಬ್ಬ ಮೇಜಿನ ಬಳಿ ಬಂದು, ಒಟ್ಟು ಕೂಡುವಾಗ ತನಗೆ ನಾಲ್ಕು ಅಂಕ ಹೆಚ್ಚಾಗಿ ಬಂದಿದೆ ಎಂದು ತಿಳಿಸಿದ. ನಾನು ತರಗತಿಯ ಮುಂದೆ ಅವನನ್ನು ಮೆಚ್ಚಿ ಮಾತನಾಡಿ, ನಾಲ್ಕು ಅಂಕಗಳನ್ನು ಕಳೆದು, ಕೆಂಪು ಶಾಯಿಯಲ್ಲಿ ಹೊಸ ಮೊತ್ತ ಬರೆದುಕೊಟ್ಟೆ. ಅದರಿಂದ ಅವನ ಸ್ಥಾನ ಎರಡು ಮೆಟ್ಟಿಲು ಕೆಳಗಿಳಿಯಿತು. ಹಿಂದಿನ ಬೆಂಚುಗಳಲ್ಲಿ ಕೆಲವರು ನಕ್ಕರು. ಅಂಕ ಕಳೆದದ್ದು ತಪ್ಪಲ್ಲ. ಇಲ್ಲದ ಅಂಕವನ್ನು ಬಹುಮಾನದಂತೆ ಬಿಟ್ಟುಕೊಡುವುದೂ ಸುಳ್ಳೇ ಆಗುತ್ತಿತ್ತು. ಆದರೆ ಆ ಕಂತೆಯಲ್ಲಿ ನಾನು ಕೂಡಿಸಿದ್ದರಲ್ಲಿ ತಪ್ಪಾಗಿದ್ದದ್ದು ಅವನೊಬ್ಬನದೇ ಆಗಿರಲಾರದು ಎಂಬುದು, ಉಳಿದವರು ಸುಮ್ಮನಿದ್ದು ಲಾಭ ಉಳಿಸಿಕೊಂಡರೆಂಬುದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ಅಂದು ಇಡೀ ತರಗತಿ ಕಲಿತ ಪಾಠ, ನಾನು ಬಾಯಲ್ಲಿ ಹೇಳಿದ ಪ್ರಶಂಸೆಯಲ್ಲ, ಕೆಂಪು ಶಾಯಿಯ ಆ ಮೊತ್ತವೇ ಆಗಿತ್ತು.

ಇದು ನನ್ನೊಬ್ಬಳ ಅನಿಸಿಕೆಯೇನಲ್ಲ. ಅಮೆರಿಕದಲ್ಲಿ ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ ಎಂಬ ಇಬ್ಬರು ಸಂಶೋಧಕರು ಸಾವಿರಾರು ಶಾಲಾಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿ, 1928ರಿಂದ 1930ರವರೆಗೆ ಮೂರು ಸಂಪುಟಗಳಲ್ಲಿ ಫಲಿತಾಂಶ ಪ್ರಕಟಿಸಿದರು. ಅವರ ವಿಧಾನಗಳಲ್ಲಿ ಒಂದು ಹೀಗಿತ್ತು: ಮಕ್ಕಳ ಉತ್ತರಗಳ ಪ್ರತಿಯನ್ನು ಗುಟ್ಟಾಗಿ ಇಟ್ಟುಕೊಂಡು, ಮೂಲ ಪತ್ರಿಕೆಗಳನ್ನು ಸರಿಯುತ್ತರಗಳ ಸಮೇತ ಅವರ ಕೈಗೇ ಕೊಟ್ಟು, ನೀವೇ ತಿದ್ದಿಕೊಳ್ಳಿ ಎನ್ನುವುದು. ಮಕ್ಕಳನ್ನು ಪ್ರಾಮಾಣಿಕರು, ಅಪ್ರಾಮಾಣಿಕರು ಎಂದು ಎರಡು ಗುಂಪಾಗಿ ವಿಂಗಡಿಸಲು ಸಾಧ್ಯವೇ ಆಗಲಿಲ್ಲ. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ನೆಟ್ಟಗೆ ನಡೆದುಕೊಂಡಿತ್ತು. ಸರಿ ಯಾವುದು, ತಪ್ಪು ಯಾವುದು ಎಂಬ ಪ್ರಶ್ನೆಗೆ ಚೆನ್ನಾಗಿ ಉತ್ತರ ಬರೆಯುವುದಕ್ಕೂ ನಿಜವಾದ ನಡತೆಗೂ ಇದ್ದ ಸಂಬಂಧ ಬಹಳ ದುರ್ಬಲವಾಗಿತ್ತು. ನೀತಿಪಾಠಕ್ಕೆ ಪರೀಕ್ಷೆಯಿಟ್ಟು ಅಂಕ ಕೊಡಬೇಕೆನ್ನುವವರು ಈ ಕೊನೆಯ ಮಾತನ್ನು ದಯವಿಟ್ಟು ಗಮನಿಸಬೇಕು: ಹಾಗೆ ಮಾಡಿದರೆ ನಾವು ಅಳೆಯುವುದು ಮಗುವಿನ ನೆನಪಿನ ಶಕ್ತಿಯನ್ನು ಮಾತ್ರ.

ದೊಡ್ಡವರ ವಿಷಯದಲ್ಲಿ ಇದಕ್ಕಿಂತಲೂ ಮನಸ್ಸು ಕಲಕುವ ಪ್ರಯೋಗವೊಂದಿದೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅವರು 1973ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಭಾಗವಹಿಸಿದವರು ಪ್ರಿನ್ಸ್‌ಟನ್‌ನ ದೇವತಾಶಾಸ್ತ್ರ ಶಾಲೆಯ 40 ವಿದ್ಯಾರ್ಥಿಗಳು, ಅಂದರೆ ಧರ್ಮಬೋಧನೆಯನ್ನೇ ಬದುಕಾಗಿ ಆರಿಸಿಕೊಂಡವರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಅವರು ಕಿರು ಭಾಷಣ ಮಾಡಬೇಕಿತ್ತು. ಅವರಲ್ಲಿ ಅರ್ಧದಷ್ಟು ಮಂದಿಗೆ ಕೊಟ್ಟಿದ್ದ ವಿಷಯವೇ ದಾರಿಯಲ್ಲಿ ಬಿದ್ದಿದ್ದ ಅಪರಿಚಿತನಿಗೆ ನೆರವಾದ ಬೈಬಲ್ಲಿನ ಸಮಾರ್ಯದವನ ಕತೆ. ಅವರು ಹೋಗುವ ದಾರಿಯ ಬಾಗಿಲೊಂದರಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಸಮಯ ಬೇಕಾದಷ್ಟಿದೆ ಎಂದು ತಿಳಿದವರಲ್ಲಿ ನೂರಕ್ಕೆ 63ರಷ್ಟು ಮಂದಿ ನೆರವಿಗೆ ನಿಂತರೆ, ಈಗಾಗಲೇ ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ನೂರಕ್ಕೆ 10ರಷ್ಟು ಮಾತ್ರ. ತಲೆಯಲ್ಲಿ ಕರುಣೆಯ ಕತೆಯಿತ್ತೋ ಬೇರೆ ವಿಷಯವಿತ್ತೋ ಎಂಬುದರಿಂದ ಗಣನೀಯ ವ್ಯತ್ಯಾಸವೇನೂ ಕಂಡುಬರಲಿಲ್ಲ. ಪಾಠ್ಯಕ್ರಮ ಮುಗಿಸುವ ಧಾವಂತದಲ್ಲಿ ಅಳುತ್ತಿದ್ದ ಮಗುವಿನ ಪಕ್ಕದಲ್ಲಿಯೇ ಕಪ್ಪುಹಲಗೆಯ ಕಡೆ ತಿರುಗಿ ನಿಂತ ದಿನಗಳು ನನಗೂ ಇವೆ. ಈ ಅಂಕಿಗಳನ್ನು ಓದಿದಾಗ ಅವೆಲ್ಲ ನೆನಪಾದವು.

ಹಾಗಾದರೆ ಶಿಕ್ಷಕರೇ ಕೆಟ್ಟವರೇ? ಮಹಾತ್ಮ ಗಾಂಧಿಯವರ ಶಾಲಾದಿನಗಳ ಪ್ರಸಂಗವೊಂದು ಎಲ್ಲರಿಗೂ ಗೊತ್ತು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಐದು ಇಂಗ್ಲಿಷ್ ಪದಗಳನ್ನು ಬರೆಯಲು ಹೇಳಿದಾಗ ಒಂದನ್ನು ತಪ್ಪಾಗಿ ಬರೆದ ಬಾಲಕನಿಗೆ, ಪಕ್ಕದವನ ಸ್ಲೇಟು ನೋಡಿ ಬರೆದುಕೋ ಎಂದು ಮೇಷ್ಟ್ರು ಬೂಟಿನ ತುದಿಯಿಂದ ಸನ್ನೆ ಮಾಡಿದರು. ಬಾಲಕ ನಕಲು ಮಾಡಲಿಲ್ಲ. ನಾವು ಈ ಕತೆಯನ್ನು ಬಾಲಕನ ಸತ್ಯನಿಷ್ಠೆಗಾಗಿ ಹೇಳಿ ಅಲ್ಲಿಗೇ ನಿಲ್ಲಿಸುತ್ತೇವೆ. ನನಗೆ ಕಾಡುವುದು ಆ ಮೇಷ್ಟ್ರು, ಮತ್ತು ಎಲ್ಲ ಪದಗಳನ್ನೂ ಸರಿಯಾಗಿ ಬರೆದ ಉಳಿದ ಹುಡುಗರು. ಆ ಮೇಷ್ಟ್ರು ದುಷ್ಟರಾಗಿದ್ದರೆಂದು ನನಗೆ ಅನ್ನಿಸುವುದಿಲ್ಲ. ಒಬ್ಬ ಹುಡುಗನ ಒಂದು ತಪ್ಪು ತಪಾಸಣೆಯ ದಿನ ತನ್ನ ಅಸಾಮರ್ಥ್ಯವಾಗಿ ಕಾಣುತ್ತದೆಂಬ ಭಯ ಅವರಿಗೆ ಇದ್ದಿರಬೇಕು. ಆ ಭಯವನ್ನು ತರಗತಿಯೊಳಕ್ಕೆ ತಂದದ್ದು ತಪಾಸಣೆಯ ರೀತಿ.

ಅದೇ ಭಯ ದೊಡ್ಡ ಪ್ರಮಾಣದಲ್ಲಿ ಏನು ಮಾಡಬಲ್ಲದೆಂಬುದನ್ನು ಅಮೆರಿಕದ ಅಟ್ಲಾಂಟಾ ನಗರ ಕಂಡಿತು. ಪರೀಕ್ಷೆಯ ಅಂಕಗಳು ಏರಲೇಬೇಕೆಂಬ ಗುರಿಗಳನ್ನು ಮೇಲಿನಿಂದ ಹೇರಿದಾಗ ಶಿಕ್ಷಕರೇ ಮಕ್ಕಳ ಉತ್ತರಪತ್ರಿಕೆಗಳಲ್ಲಿದ್ದ ತಪ್ಪುಗಳನ್ನು ಅಳಿಸಿ ಸರಿಯುತ್ತರ ತುಂಬಿದರು. 44 ಶಾಲೆಗಳಲ್ಲಿ 178 ಶಿಕ್ಷಕರು ಹಾಗೂ ಮುಖ್ಯಸ್ಥರು ಇದರಲ್ಲಿ ತೊಡಗಿದ್ದರೆಂದು 2011ರ ತನಿಖಾ ವರದಿ ಹೇಳಿತು. ಇವರೆಲ್ಲರೂ ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಹೇಳಿದವರೇ ಆಗಿರುತ್ತಾರೆ. ಅವರ ತಪ್ಪನ್ನು ನಾನು ಸಮರ್ಥಿಸುತ್ತಿಲ್ಲ. ನಿಜವಾಗಿ ನಷ್ಟವಾದದ್ದು, ಓದಲು ಬಾರದಿದ್ದರೂ ಬರುತ್ತದೆಂದು ದಾಖಲೆಯಾಗಿ, ಅದರಿಂದಲೇ ನೆರವು ಸಿಗದೆ ಹೋದ ಮಕ್ಕಳಿಗೆ.

ವಿದ್ಯೆ ಹೆಚ್ಚಿದರೆ ನೀತಿಯೂ ತಾನಾಗಿ ಹೆಚ್ಚುತ್ತದೆಂಬ ನಂಬಿಕೆಯನ್ನು ನಾವು ಬಿಡಬೇಕು. 1942ರ ಜನವರಿ 20ರಂದು ಬರ್ಲಿನ್ನಿನ ವಾನ್ಸೇ ಬಂಗಲೆಯಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಆಡಳಿತದ ಕೆಲಸದಂತೆ ಹಂಚಿಕೊಂಡ ನಾಜಿ ಜರ್ಮನಿಯ 15 ಮಂದಿ ಅಧಿಕಾರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಡಾಕ್ಟರೇಟ್ ಪಡೆದವರು. ಅದಕ್ಕೆ ಮೇಲೆ ಹೇಳಬೇಕಾದದ್ದು ಏನೂ ಇಲ್ಲ.

ಆದರೆ ಭರವಸೆಯ ಮಾತೂ ಇದೆ. ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರು 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ವಿಧೇಯತೆಯ ಪ್ರಯೋಗಗಳ ಬಗ್ಗೆ ಹೇಳುವವರು, ಅಧಿಕಾರಿಯ ಮಾತಿಗೆ ತಲೆಬಾಗಿ 40 ಮಂದಿಯಲ್ಲಿ 26 ಜನ ಇನ್ನೊಬ್ಬನಿಗೆ ಗರಿಷ್ಠ ಪ್ರಮಾಣದ ವಿದ್ಯುದಾಘಾತ ಕೊಡಲು ಮುಂದಾದರೆಂಬುದನ್ನು ತಪ್ಪದೆ ಉಲ್ಲೇಖಿಸುತ್ತಾರೆ. ಅದೇ ಪ್ರಯೋಗದ ಇನ್ನೊಂದು ಆವೃತ್ತಿಯಲ್ಲಿ ಪಕ್ಕದಲ್ಲಿದ್ದ ಇಬ್ಬರು ಮಧ್ಯದಲ್ಲೇ ಎದ್ದು, ನಾವಿದನ್ನು ಮಾಡುವುದಿಲ್ಲ ಎಂದಾಗ, ಕೊನೆಯವರೆಗೆ ಹೋದವರು 40ರಲ್ಲಿ ಕೇವಲ 4 ಮಂದಿ. ಆ ಆಘಾತ ನಿಜವಾದದ್ದಲ್ಲ, ಆದರೆ ಒತ್ತುವವರಿಗೆ ಅದು ಗೊತ್ತಿರಲಿಲ್ಲ. ಬಹುಪಾಲು ಜನರ ಒಳಗೆ ಬೇಡ ಎನ್ನುವ ಧ್ವನಿ ಇದ್ದೇ ಇರುತ್ತದೆ, ಯಾರಾದರೂ ಒಬ್ಬರು ಮೊದಲು ಏಳಲಿ ಎಂದು ಅದು ಕಾದಿರುತ್ತದೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ ಸಮಾಜಕ್ಕೆ ಬೇಕಾದದ್ದು ಮೊದಲು ಏಳುವ ಆ ಒಬ್ಬಿಬ್ಬರು. ಅವರು ತರಬೇತಿ ಪಡೆಯುವ ಜಾಗ ಶಾಲೆ. ಆದ್ದರಿಂದಲೇ ಮೇಜಿನ ಬಳಿಗೆ ಬಂದ ಹುಡುಗನನ್ನು ನೋಡಿ ಬೆಂಚುಗಳು ನಕ್ಕದ್ದು ಸಣ್ಣ ಸಂಗತಿಯಲ್ಲ.

ಹಾಗೆಂದು ನೀತಿಯ ಬಗ್ಗೆ ಮಾತೇ ಬೇಡವೆಂದಲ್ಲ. ಗೆಳೆಯನ ತಪ್ಪನ್ನು ಮುಚ್ಚಿಡುವುದು ನಿಷ್ಠೆಯೋ ಮೋಸವೋ ಎಂಬಂಥ ಪ್ರಶ್ನೆಗಳನ್ನು ಮಕ್ಕಳ ಮುಂದಿಟ್ಟು, ಉತ್ತರವನ್ನು ಮೊದಲೇ ನಿಶ್ಚಯಿಸದೆ ಚರ್ಚಿಸುವುದು ಬಹಳ ಒಳ್ಳೆಯದು. ಆದರೆ ಅದೇ ಶಾಲೆಯಲ್ಲಿ ಕಿಟಕಿಯ ಗಾಜು ಒಡೆದದ್ದು ನಾನೇ ಎಂದು ಒಪ್ಪಿಕೊಂಡವನಿಗೆ ಏಟು, ಸುಮ್ಮನಿದ್ದವನಿಗೆ ಏನೂ ಇಲ್ಲ ಎಂದಾದರೆ ಆ ಚರ್ಚೆ ನಿಷ್ಫಲ. ಆಡಳಿತ ಮಂಡಳಿಗಳು ಮೌಲ್ಯ ಶಿಕ್ಷಣದ ಪುಸ್ತಕ ತರಿಸುವ ಮುನ್ನ, ತಮ್ಮಲ್ಲಿ ಫಲಿತಾಂಶ ಕಡಿಮೆ ಬಂತೆಂದು ನಿಜ ಹೇಳಿದ ಶಿಕ್ಷಕರನ್ನು ಹೇಗೆ ನಡೆಸಿಕೊಂಡೆವೆಂದು ಯೋಚಿಸಲಿ ಎಂದು ಕೋರುತ್ತೇನೆ.

ನಾನು ಮಾಡಿಕೊಂಡ ಬದಲಾವಣೆ ಸಣ್ಣದು. ಮುಂದಿನ ವರ್ಷದಿಂದ ಉತ್ತರಪತ್ರಿಕೆ ಹಿಂತಿರುಗಿಸಿದ ದಿನ ಯಾರ ಅಂಕವನ್ನೂ ದಾಖಲೆಗೆ ಏರಿಸುತ್ತಿರಲಿಲ್ಲ. ಮೊದಲ ಹತ್ತು ನಿಮಿಷ ಎಲ್ಲರೂ ತಮ್ಮ ಮೊತ್ತವನ್ನು ತಾವೇ ಕೂಡಿ ನೋಡಬೇಕು. ಹೆಚ್ಚಿದ್ದರೂ ಕಡಿಮೆಯಿದ್ದರೂ ಬಂದು ಹೇಳಬೇಕು. ಕೂಡುವಾಗ ತಪ್ಪಿದ್ದು ಮೇಡಂ, ಅವರನ್ನು ತಿದ್ದುವುದು ಎಲ್ಲರ ಕೆಲಸ ಎಂದು ಹೇಳಿದೆ. ಹೊಗಳಿಕೆಯನ್ನೂ ನಿಲ್ಲಿಸಿದೆ. ಮೊದಮೊದಲು ಕಡಿಮೆ ಬಿದ್ದವರಷ್ಟೇ ಬರುತ್ತಿದ್ದರು. ಆ ವರ್ಷದ ಮೂರನೆಯ ಪರೀಕ್ಷೆಯಲ್ಲಿ, ಹೆಚ್ಚು ಬಂದ ಅಂಕ ತೋರಿಸಲು ಐದು ಮಕ್ಕಳು ಸಾಲಾಗಿ ನಿಂತಿದ್ದರು, ಮತ್ತು ಯಾರೂ ನಗಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ