ಧಾರವಾಡವೋ, ದೆಹಲಿಯೋ

ಶಿರಸಿ

ಚಿ. ಮೇಘಾಳಿಗೆ ಮಾವನ ಆಶೀರ್ವಾದಗಳು.

ರಾಜ್ಯಶಾಸ್ತ್ರವೂ ಬೇಕು, ಬರೆಯುವುದನ್ನೂ ಕಲಿಯಬೇಕು, ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀಯ. ನೀನು ಕಳಿಸಿದ ಪಟ್ಟಿಯಲ್ಲಿ ಮೊದಲು ದೆಹಲಿಯ ಜವಾಹರಲಾಲ್ ನೆಹರೂ ವಿ.ವಿ. (ಜೆಎನ್‌ಯು) ಹೊಡೆದುಹಾಕು. ಅಲ್ಲಿ ಬಿ.ಎ. ಇರುವುದು ವಿದೇಶಿ ಭಾಷೆಗಳಿಗೆ. ರಾಜ್ಯಶಾಸ್ತ್ರಕ್ಕೆ ಎಂ.ಎ.ಗೇ ಹೋಗಬೇಕು, ಅದು ಡಿಗ್ರಿ ಮುಗಿದ ಮೇಲಿನ ಮಾತು.

ಧಾರವಾಡದ ವಿಷಯ. ನಮ್ಮ ಜಿಲ್ಲೆಯ ಬಿ.ಎ. ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಸೇರಿದವು. ಶಿರಸಿಯಲ್ಲಿ ಓದಿದರೂ ಧಾರವಾಡದಲ್ಲಿ ಓದಿದರೂ ಪಠ್ಯಕ್ರಮ ಒಂದೇ, ಸೆಮಿಸ್ಟರ್ ಪ್ರಶ್ನೆಪತ್ರಿಕೆಯೂ ಒಂದೇ. ಹಾಗಾದರೆ ಹಾಸ್ಟೆಲ್ ಖರ್ಚು ಯಾಕೆ? ಗ್ರಂಥಾಲಯಕ್ಕೆ, ಕರ್ನಾಟಕ ವಿದ್ಯಾವರ್ಧಕ ಸಂಘದ ಕಾರ್ಯಕ್ರಮಗಳಿಗೆ, ಪಕ್ಕದ ಹುಬ್ಬಳ್ಳಿಯ ಪತ್ರಿಕಾ ಕಚೇರಿಗಳಿಗೆ. ಈ ಮೂರನ್ನೂ ಬಳಸಿಕೊಳ್ಳದಿದ್ದರೆ ಮನೆಯಿಂದಲೇ ಕಾಲೇಜಿಗೆ ಹೋಗುವುದು ಲಾಭ. ರಾಜ್ಯಶಾಸ್ತ್ರ, ಐಚ್ಛಿಕ ಇಂಗ್ಲಿಷ್, ಪತ್ರಿಕೋದ್ಯಮ ಮೂರೂ ಕಾಲೇಜಿನಲ್ಲಿ ಇವೆ ಎಂದ ಮಾತ್ರಕ್ಕೆ ಮೂರೂ ಒಟ್ಟಿಗೆ ಸಿಗುತ್ತವೆ ಎಂದು ನಂಬಬೇಡ. ಎರಡರ ತರಗತಿ ಒಂದೇ ಹೊತ್ತಿಗೆ ಬಿದ್ದರೆ ಆ ಕಾಂಬಿನೇಶನ್ ಕೊಡುವುದಿಲ್ಲ. ಶುಲ್ಕ ಕಟ್ಟುವ ಮೊದಲೇ ಕಚೇರಿಯಲ್ಲಿ ವೇಳಾಪಟ್ಟಿ ಕೇಳಿ ನೋಡು.

ಇನ್ನೊಂದು ವ್ಯತ್ಯಾಸ ವರ್ಷದ್ದು. ರಾಜ್ಯದ ವಿ.ವಿ.ಗಳಲ್ಲಿ 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ದೆಹಲಿ ವಿ.ವಿ.ಯಲ್ಲಿ ನಾಲ್ಕು, ಬೇಕೆಂದರೆ ಮೂರಕ್ಕೇ ಪದವಿ ಪಡೆದು ಹೊರಬರಬಹುದು. ಹೈದರಾಬಾದ್ ವಿ.ವಿ.ಯಲ್ಲಿ ಐದು ವರ್ಷದ ಇಂಟಿಗ್ರೇಟೆಡ್ ಎಂ.ಎ.

ದೆಹಲಿಗೂ ಹೈದರಾಬಾದಿಗೂ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಒಂದೊಂದು ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ. ಸರಿಗೆ 5 ಅಂಕ, ತಪ್ಪಿಗೆ 1 ಕಡಿತ. 13 ಭಾಷೆಗಳಲ್ಲಿ ಕನ್ನಡವೂ ಇದೆ, ಭಾಷಾ ಪತ್ರಿಕೆಯನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮ ಕಡೆಯ ಮಕ್ಕಳು ಎಡವುವುದು ರಾಜ್ಯಶಾಸ್ತ್ರದ ಪತ್ರಿಕೆಯಲ್ಲಿ. ಪ್ರಶ್ನೆಗಳು ಬರುವುದು ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಎರಡು ಪುಸ್ತಕಗಳಿಂದ, ಒಂದು ಸಮಕಾಲೀನ ಜಗತ್ತಿನ ರಾಜಕೀಯ, ಇನ್ನೊಂದು ಸ್ವಾತಂತ್ರ್ಯಾನಂತರದ ಭಾರತ. ಪಿಯು ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡು ಹೋದರೆ ಸಾಲದು. ಪಿಯುನಲ್ಲಿ ಓದದ ವಿಷಯ ಬರೆದರೆ ದೆಹಲಿಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನೂ ನೆನಪಿಡು.

ದೆಹಲಿಯ ಕಾಲೇಜುಗಳ ಹೆಸರಿಗೆ ಮರುಳಾಗುವುದು ಬೇಡ. ರಾಜ್ಯಶಾಸ್ತ್ರ ಆನರ್ಸ್‌ಗೆ ಅಲ್ಲಿಯೂ ಎಲ್ಲ ಕಾಲೇಜಿಗೂ ಒಂದೇ ಪಠ್ಯಕ್ರಮ. ಪ್ರವೇಶದ ಆದ್ಯತಾ ಪಟ್ಟಿಯಲ್ಲಿ ಕೇಳಿದ ಹೆಸರಿನ ಹತ್ತು ಕಾಲೇಜು ಹಾಕಿ ನಿಲ್ಲಿಸಿದವರಿಗೆ ಏನೂ ಸಿಗದೆ ಹೋಗಬಹುದು. ಉದ್ದ ಪಟ್ಟಿ ಹಾಕು. ಮೊದಲು ಹಂಚಿಕೆಯಾದ ಸೀಟನ್ನು ಗಡುವಿನೊಳಗೆ ಒಪ್ಪಿಕೊಂಡು, ಆಮೇಲೆ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವ ಕಾಲೇಜಿಗೆ ಕೇಳು. ಒಪ್ಪದೆ ಬಿಟ್ಟರೆ ಪ್ರಕ್ರಿಯೆಯಿಂದಲೇ ಹೊರಗೆ. ಈ ಗಡುವು ಬೀಳುವುದು ಸರೀ ಮಳೆಗಾಲಕ್ಕೆ, ನಿಮ್ಮೂರಲ್ಲಿ ಮೂರು ದಿನ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎನ್ನುವ ಹೊತ್ತಿಗೆ. ಆ ಎರಡು ವಾರ ಪೇಟೆಯಲ್ಲಿ ನಮ್ಮ ಮನೆಗೆ ಬಂದಿರು. ಶುಲ್ಕ ಕಟ್ಟುವುದೂ ಆಗಲೇ. ಅಪ್ಪ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಖರ್ಚಿನಲ್ಲಿರುತ್ತಾನೆ, ಮನೆಯಲ್ಲಿರುವ ಅಡಿಕೆಯನ್ನು ಸಿಕ್ಕ ದರಕ್ಕೆ ಮಾರುವ ಹಾಗಾಗಬಾರದು. ಈಗಲೇ ಹೇಳಿಡು. ದೆಹಲಿಯ ಎಷ್ಟೋ ಕಾಲೇಜುಗಳಿಗೆ ಹಾಸ್ಟೆಲ್ಲೇ ಇಲ್ಲ, ಬಾಡಿಗೆ ಸೇರಿಸಿ ಲೆಕ್ಕ ಹಾಕು.

ಈಗ ಬರವಣಿಗೆ. ವಿವರಣಾ ಪುಸ್ತಿಕೆಯಲ್ಲಿ ಎಲ್ಲರೂ ಒಂದೇ ಬರೆದುಕೊಂಡಿರುತ್ತಾರೆ, ಅದರಿಂದ ಏನೂ ತಿಳಿಯದು. ಪ್ರತಿ ಕಡೆ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಕೇಳು: ಹೋದ ಸೆಮಿಸ್ಟರಿನಲ್ಲಿ ಎಷ್ಟು ಪ್ರಬಂಧ ಬರೆಸಿದರು? ಅವುಗಳಲ್ಲಿ ಎಷ್ಟು, ಅಂಚಿನಲ್ಲಿ ಮೇಷ್ಟ್ರ ಟಿಪ್ಪಣಿಯೊಂದಿಗೆ ವಾಪಸು ಬಂದವು? ಸಿದ್ಧಾಂತದ ಪತ್ರಿಕೆಗೆ ಮೂಲ ಪಠ್ಯ ಓದಿಸುತ್ತಾರೋ, ಗೈಡ್ ಸಾಕೋ? ಪ್ರಬಂಧದ ಜಾಗದಲ್ಲಿ ನೋಟ್ಸ್ ನಕಲು ಮಾಡಿಸುವ ಕಾಲೇಜಾದರೆ ಅದರ ಹೆಸರು ಎಷ್ಟೇ ದೊಡ್ಡದಿರಲಿ, ನಿನಗಲ್ಲ. ನನ್ನ ಮಟ್ಟಿಗೆ ಆಯ್ಕೆಯ ಮುಕ್ಕಾಲು ಪಾಲು ಇಷ್ಟೇ.

ರಾಜ್ಯಶಾಸ್ತ್ರ, ಬರವಣಿಗೆ ಎರಡರಲ್ಲಿ ನಿನಗೆ ಯಾವುದು ಹೆಚ್ಚು ಎನ್ನುವುದೂ ಗೊತ್ತಾಗಬೇಕಲ್ಲ. ಸೊಪ್ಪಿನ ಬೆಟ್ಟದ ಹಕ್ಕಿನ ಬಗ್ಗೆ, ಅಂದರೆ ತೋಟಕ್ಕೆ ಕಾಡಿನಿಂದ ಸೊಪ್ಪು ತರುವ ಹಕ್ಕಿನ ಬಗ್ಗೆ, 800 ಪದ ಬರೆದು ನೋಡು. ಕಾಯ್ದೆ, ಪಹಣಿ, ಅರಣ್ಯ ಇಲಾಖೆಯ ಆದೇಶ ಕೆದಕುವುದರಲ್ಲೇ ಹೊತ್ತು ಹೋಯಿತೆಂದರೆ ರಾಜ್ಯಶಾಸ್ತ್ರ ಮುಖ್ಯವಾಗಿಟ್ಟುಕೋ. ಸೊಪ್ಪು ತರುವವರ ಮಾತು ಕೇಳುವುದರಲ್ಲೇ ಮನಸ್ಸು ನಿಂತರೆ ಇಂಗ್ಲಿಷ್ ಅಥವಾ ಪತ್ರಿಕೋದ್ಯಮ. ಬರೆದದ್ದನ್ನು ನನಗೂ ಕಳಿಸು.

ಕೊನೆಗೆ ಕಾಗದಪತ್ರ. ಕೇಂದ್ರೀಯ ವಿ.ವಿ.ಗಳಲ್ಲಿ ಇಡಬ್ಲ್ಯುಎಸ್ ಮೀಸಲಾತಿ, ಅಂದರೆ ಬೇರೆ ಮೀಸಲಾತಿ ಇಲ್ಲದ ಆರ್ಥಿಕ ದುರ್ಬಲರಿಗೆ ಇರುವುದು, ಶೇ. 10. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕೆ ಕಡಿಮೆ, ಕೃಷಿ ಭೂಮಿ 5 ಎಕರೆಗೆ ಕಡಿಮೆ ಇರಬೇಕು. ನಿಮ್ಮ ತೋಟ, ಗದ್ದೆ ಸೇರಿಸಿದರೂ ಅಷ್ಟಾಗದು. ಪತ್ರ ಆಯಾ ಆರ್ಥಿಕ ವರ್ಷದ್ದೇ ಆಗಿರಬೇಕು, ಹೋದ ವರ್ಷದ್ದು ನಡೆಯುವುದಿಲ್ಲ. ಏಪ್ರಿಲ್ ಮೊದಲ ವಾರವೇ ನಾಡಕಚೇರಿಗೆ ಹೋಗು, ಪಹಣಿ ಮತ್ತು ಆಧಾರ್ ಜೊತೆಗಿರಲಿ. ಆಧಾರ್‌ನಲ್ಲಿ ನಿನ್ನ ಹೆಸರಿನ ಸ್ಪೆಲಿಂಗ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೋ, ಇವತ್ತೇ ತೆಗೆದು ನೋಡು.

ಇತಿ,
ನಿನ್ನ ಮಾವ